ಇಲ್ಲದ ಸಾಸಿಗಾಗಿ ಹಟ ಹಿಡಿದ ಗಿರಾಕಿ

ಅಮೆರಿಕದ ಜಾಝ್ ಗಾಯಕ, ಪಿಯಾನೊ ವಾದಕ ನ್ಯಾಟ್ ಕಿಂಗ್ ಕೋಲ್ ಅವರ ‘ದಿ ಫ್ರಿಮ್ ಫ್ರ್ಯಾಮ್ ಸಾಸ್’ ಹಾಡನ್ನು ಎಷ್ಟು ಸಲ ಕೇಳಿದರೂ ಅದರಲ್ಲಿ ಬರುವ ತಿನಿಸುಗಳು ಯಾವುವೆಂದು ತಿಳಿಯುವುದಿಲ್ಲ, ಪದಗಳ ಅರ್ಥವೇ ಗೊತ್ತಿಲ್ಲದೆ ಇಂಥ ಹಾಡನ್ನು ಸವಿಯುವುದು ಹೇಗೆ ಎಂದು ನೀವು ಕೇಳಿದ್ದೀರಿ. ನಿಮಗೆ ಅರ್ಥವಾಗದಿರುವುದು ಇಂಗ್ಲಿಷಿನ ಕೊರತೆಯಿಂದಲ್ಲ, ಏಕೆಂದರೆ ಫ್ರಿಮ್ ಫ್ರ್ಯಾಮ್ ಸಾಸ್, ಅದರ ಜೊತೆಗೆ ಬೇಕೆನ್ನುವ ‘ಆಸನ್‌ಫೇ’, ಪಕ್ಕದಲ್ಲಿ ಬಡಿಸಬೇಕಾದ ‘ಶಫಾಫಾ’, ಈ ಮೂರೂ ಯಾವ ಅಡುಗೆಮನೆಯಲ್ಲಿಯೂ ಬೆಂದ ಪದಾರ್ಥಗಳಲ್ಲ. ನಾನೂ ಮೊದಲು ಕೇಳಿದಾಗ ಇವು ಅಮೆರಿಕದ ದಕ್ಷಿಣ ರಾಜ್ಯಗಳ ಯಾವುದೋ ಹಳೆಯ ಖಾದ್ಯಗಳಿರಬೇಕೆಂದು ನಂಬಿ, ಒಂದು ಸಂಜೆಯನ್ನು ಪೂರ್ತಿಯಾಗಿ ನಿಘಂಟು ಮತ್ತು ಅಡುಗೆ ಪುಸ್ತಕಗಳ ಮುಂದೆ ಕಳೆದು, ಕೊನೆಗೆ ನನ್ನನ್ನು ನೋಡಿ ನಾನೇ ನಕ್ಕಿದ್ದೇನೆ. ಹಾಡನ್ನು ಬರೆದ ಜೋ ರಿಕಾರ್ಡೆಲ್ ಮತ್ತು ರೆಡ್ ಇವಾನ್ಸ್ ಬಯಸಿದ್ದೂ ಬಹುಶಃ ಇಂಥ ಫಜೀತಿಯನ್ನೇ.

ಹಾಡಿನ ಸನ್ನಿವೇಶ ಬಹಳ ಸರಳವಾದದ್ದು. ಹೋಟೆಲಿನಲ್ಲಿ ಕುಳಿತ ಗಿರಾಕಿಯೊಬ್ಬ ವೇಟರನ ಮುಂದೆ ತನಗೆ ಬೇಡವಾದವುಗಳ ಪಟ್ಟಿ ಒಪ್ಪಿಸುತ್ತಾನೆ: ಕರಿದ ಆಲೂಗಡ್ಡೆ ಬೇಡ, ಕೆಂಪಗೆ ಹಣ್ಣಾದ ಟೊಮೆಟೊ ಬೇಡ, ಹಂದಿಮಾಂಸ ಬೇಡ, ಮೀನಿನ ಕಟ್ಲೆಟ್ ಮತ್ತು ರೈ ಬ್ರೆಡ್ ಕೂಡ ಬೇಡ. ಅವನು ಬೇಡವೆನ್ನುವ ಪ್ರತಿಯೊಂದೂ ಅಂದಿನ ಅಮೆರಿಕದ ಸಾಧಾರಣ ಹೋಟೆಲಿನಲ್ಲಿ ದೊರೆಯುವ ನಿಜವಾದ ಊಟ. ಬೇಕೆನ್ನುವ ಪ್ರತಿಯೊಂದೂ ಕಟ್ಟುಕಥೆ. ಆಲೂಗಡ್ಡೆಗೂ ಟೊಮೆಟೊಗೂ ಇಂಗ್ಲಿಷಿನಲ್ಲಿ ಕೂಡುವ ಪ್ರಾಸ ಕಿವಿಗೆ ಎಷ್ಟು ಹಿತವಾಗಿದೆಯೆಂದರೆ, ತರ್ಕ ಕೈತಪ್ಪಿದ್ದು ನಮ್ಮ ಗಮನಕ್ಕೇ ಬರುವುದಿಲ್ಲ. ಆರಂಭದಲ್ಲಿ ಕರಿದ ಆಲೂಗಡ್ಡೆಯನ್ನು ತಳ್ಳಿಹಾಕಿದ ಇದೇ ಮನುಷ್ಯ, ಕೊನೆಯ ಭಾಗಕ್ಕೆ ಬಂದಾಗ ತನ್ನದನ್ನು ಕರಿದೇ ತರಬೇಕೆಂದು ವೇಟರನಿಗೆ ತಾಕೀತು ಮಾಡುತ್ತಾನೆ. ಸಾಸನ್ನು ಕರಿಯುವುದು ಹೇಗೆಂದು ಆ ಬಡಪಾಯಿ ವೇಟರ್ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಆದರೆ ಹಾಡು ನಿಂತಿರುವುದು ಮುಖ್ಯವಾಗಿ ಕೋಲ್ ಅವರ ಉಚ್ಚಾರಣೆಯ ಮೇಲೆ ಎಂಬುದು ನನ್ನ ಅಭಿಪ್ರಾಯ. ಅವರು ಒಂದೊಂದು ಅಕ್ಷರವನ್ನೂ ಬಿಡಿಸಿ, ತಿದ್ದಿ, ಸ್ಪಷ್ಟವಾಗಿ ನುಡಿಯುವ ಗಾಯಕರು. ಆ ಶಿಸ್ತನ್ನು ಅರ್ಥವೇ ಇಲ್ಲದ ‘ಶಫಾಫಾ’ಕ್ಕೂ ಅಷ್ಟೇ ಶ್ರದ್ಧೆಯಿಂದ ಸಲ್ಲಿಸುತ್ತಾರೆ. ತಾವು ನಗದೆ ಹಾಡುವುದರಿಂದಲೇ, ಅಂಥದೊಂದು ಖಾದ್ಯ ಇರಲೇಬೇಕು, ತಿನ್ನದೆ ಉಳಿದಿರುವವರು ನಾವು ಮಾತ್ರ ಎಂಬ ಅನುಮಾನ ಕೇಳುಗನಲ್ಲಿ ಹುಟ್ಟುತ್ತದೆ.

ಇನ್ನು ಲಯದ ಮಾತು. ಕೋಲ್ ಅವರ ಮೂವರ ತಂಡವಾದ ಕಿಂಗ್ ಕೋಲ್ ಟ್ರಿಯೋ ಇದನ್ನು 1945ರಲ್ಲಿ ಕ್ಯಾಪಿಟಲ್ ಕಂಪನಿಗಾಗಿ ಮುದ್ರಿಸಿದಾಗ ಪಿಯಾನೊದಲ್ಲಿ ಸ್ವತಃ ಕೋಲ್, ಗಿಟಾರಿನಲ್ಲಿ ಆಸ್ಕರ್ ಮೂರ್, ಬಾಸಿನಲ್ಲಿ ಜಾನಿ ಮಿಲ್ಲರ್ ಇದ್ದರು. ಡ್ರಮ್ ಇರಲೇ ಇಲ್ಲ. ಆದರೂ ಕಾಲು ತಾನಾಗಿ ಕುಣಿಯುವುದೇಕೆಂಬುದನ್ನು ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದು ಸುಲಭ. ಸ್ವಿಂಗ್ ಎಂಬ ಈ ಜಾಝ್ ಲಯದಲ್ಲಿ ಒಂದು ಎಣಿಕೆಯನ್ನು ಎರಡು ಸಮಭಾಗಗಳಾಗಿ ಒಡೆಯುವುದಿಲ್ಲ. ತಿಶ್ರ ನಡೆಯಂತೆ ಮೂರಾಗಿ ಒಡೆದು, ಮೊದಲೆರಡನ್ನು ಕೂಡಿಸಿ ಒಂದು ದೀರ್ಘ, ಉಳಿದದ್ದು ಒಂದು ಹ್ರಸ್ವ ಎಂಬಂತೆ ನುಡಿಸುತ್ತಾರೆ. ಇದು ಸ್ಥೂಲವಾದ ಲೆಕ್ಕವಷ್ಟೇ, ಏಕೆಂದರೆ ವೇಗ ಹೆಚ್ಚಿದಂತೆ ಈ ದೀರ್ಘ ಹ್ರಸ್ವಗಳ ಅಂತರ ಕಡಿಮೆಯಾಗುತ್ತದೆ. ನಮಗೆ ಆವರ್ತದ ಮೊದಲ ಎಣಿಕೆಗೆ ತಟ್ಟುವ ಅಭ್ಯಾಸವಿರುವುದರಿಂದ ಆರಂಭದಲ್ಲಿ ಏನೋ ಜಾರಿದಂತೆ ಅನ್ನಿಸಬಹುದು. ನಾಲ್ಕು ಎಣಿಕೆಗಳಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಚಿಟಿಕೆ ಹಾಕಿ ನೋಡಿ, ಹಾಡು ಅಲ್ಲಿಂದಲೇ ತೆರೆದುಕೊಳ್ಳುತ್ತದೆ.

ಕೆಲವರು ಈ ಹಾಡಿನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಹಸಿವನ್ನು ಕಾಣುತ್ತಾರೆ. ಅಮೆರಿಕದಲ್ಲಿ ಮಾಂಸ ಮತ್ತು ಬೆಣ್ಣೆಯ ಪಡಿತರ ಮಿತಿ 1945ರ ನವೆಂಬರ್‌ವರೆಗೂ, ಸಕ್ಕರೆಯದು 1947ರವರೆಗೂ ನಡೆದಿತ್ತೆಂಬುದು ನಿಜ. ಅಂಥ ದಿನಗಳಲ್ಲಿ ಹಂದಿಮಾಂಸವನ್ನು ಒಲ್ಲೆನೆನ್ನುವ ಗಿರಾಕಿ ಕೇಳುಗರಿಗೆ ಇನ್ನಷ್ಟು ತಮಾಷೆಯಾಗಿ ಕಂಡಿರಬಹುದು. ಆದರೂ ಮೂರು ನಿಮಿಷದ ನಗೆಯ ಮೇಲೆ ಇಷ್ಟೆಲ್ಲ ಚರಿತ್ರೆಯನ್ನು ಹೇರಲು ನನಗೆ ಮನಸ್ಸಿಲ್ಲ.

ಕೋಲ್ ಅವರದನ್ನು ನಾಲ್ಕಾರು ಸಲ ಕೇಳಿದ ಮೇಲೆ, 1946ರ ಜನವರಿಯಲ್ಲಿ ಜಾಝ್ ಗಾಯಕರಾದ ಎಲ್ಲಾ ಫಿಟ್ಜ್‌ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಡೆಕ್ಕಾ ಕಂಪನಿಗಾಗಿ ಜೊತೆಯಾಗಿ ಹಾಡಿದ ಮುದ್ರಣವನ್ನು ಹುಡುಕಿ ಕೇಳಿ. ಎಲ್ಲಾ ಅವರ ತಿಳಿಯಾದ ಕಂಠದಲ್ಲಿ ಆ ಸಾಸ್ ಯಾವುದೋ ದುಬಾರಿ ಹೋಟೆಲಿನದ್ದೆನ್ನಿಸಿದರೆ, ಲೂಯಿ ಅವರ ಗೊಗ್ಗರು ದನಿಯಲ್ಲಿ ಅದು ರಸ್ತೆಬದಿಯ ಬಾಣಲೆಯಿಂದ ಈಗಷ್ಟೇ ಇಳಿದಂತಿರುತ್ತದೆ. ಗಾಯಕಿ ಡಯಾನಾ ಕ್ರಾಲ್ 1996ರ ತಮ್ಮ ಆಲ್ಬಮ್‌ನಲ್ಲಿ ಇದನ್ನು ಚೆನ್ನಾಗಿಯೇ ಹಾಡಿದ್ದಾರೆ, ಆದರೆ ನನ್ನ ಕಿವಿಗೆ ಅಲ್ಲಿ ಗಿರಾಕಿಯ ಹಟ ಸ್ವಲ್ಪ ಕಡಿಮೆ.

ಕೋಲ್ ಅವರದನ್ನು ಕೇಳುವಾಗ ಕೊನೆಯ ಸಾಲು ಮುಗಿಯುವ ಮೊದಲು ನಿಲ್ಲಿಸಬೇಡಿ. ಕೇಳಿದ್ದು ಇಲ್ಲವಾದರೆ ತಾನು ಕುಡಿದ ನೀರಿನ ಬಿಲ್ಲನ್ನಾದರೂ ಕೊಟ್ಟುಬಿಡು ಎಂದು ಗಿರಾಕಿ ವೇಟರನಿಗೆ ಗತ್ತಿನಿಂದ ಹೇಳುತ್ತಾನೆ. ಅಮೆರಿಕದ ಹೋಟೆಲುಗಳಲ್ಲಿ ಲೋಟದ ನೀರಿಗೆ ಸಾಮಾನ್ಯವಾಗಿ ಕಾಸು ಪಡೆಯುವ ರೂಢಿಯಿಲ್ಲ.