ಪದವಿ ತರಗತಿಯ ಪ್ರಬಂಧಗಳೆಲ್ಲ ಒಂದೇ ಅಚ್ಚಿನಲ್ಲಿ ಬರುತ್ತಿದ್ದರೆ

ನಿಮ್ಮ ಬಿ.ಕಾಂ. ವಿದ್ಯಾರ್ಥಿಗಳು ಪ್ರಬಂಧದಲ್ಲಿ ಗೈಡಿನ ವಾಕ್ಯಗಳನ್ನೇ ಒಪ್ಪಿಸುತ್ತಿದ್ದರೆ ಅದಕ್ಕೆ ಕಾರಣ ಬಹುಶಃ ಸೋಮಾರಿತನವಲ್ಲ, ತಪ್ಪಾದೀತೆಂಬ ಭಯ. ನಗು ಅದನ್ನು ಸಡಿಲಿಸುತ್ತದೆ. ಆದರೆ ನೀವು ಜೋಕು ಹೇಳಿದರೆ ಸಾಲದು, ನಗಿಸುವ ಬರಹವನ್ನು ಅವರೇ ಬರೆಯಬೇಕು.

ಮೊದಲು ಹಾಸ್ಟೆಲಿನ ಉಪ್ಪಿಟ್ಟಿನ ಮೇಲೆ ಕಚೇರಿ ಭಾಷೆಯಲ್ಲಿ ದೂರು ಬರೆಸಿ, ಅಂಕ ಕೊಡಬೇಡಿ. ನನ್ನ ತರಗತಿಯಲ್ಲಿ ಒಬ್ಬಳು ಬರೆದಳು: ‘ಸದರಿ ಉಪ್ಪಿಟ್ಟು ತಟ್ಟೆ ಬೋರಲು ಹಾಕಿದರೂ ಬೀಳದ ಕಾರಣ ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ.’ ಎಲ್ಲರೂ ನಗುತ್ತಿರುವಾಗಲೇ ‘ಸದರಿ’ ತೆಗೆದು ಓದಿಸಿ. ಆಮೇಲೆ ತಟ್ಟೆಯ ಮಾತಿನ ಬದಲು ‘ಚೆನ್ನಾಗಿಲ್ಲ’ ಎಂದು ಹಾಕಿ ಓದಿಸಿ. ಪದದ ಆಯ್ಕೆ ಎಂದರೇನು, ವಿವರ ಎಂದರೇನು ಎಂಬುದು ಅಲ್ಲೇ ತಿಳಿಯುತ್ತದೆ. ಮರುದಿನ ಅದೇ ದೂರನ್ನು ವಾರ್ಡನ್‌ಗೆ ನಿಜಕ್ಕೂ ಕೊಡುವಂತೆ ಗಂಭೀರವಾಗಿ ಬರೆಸಿ.

ಸಹಪಾಠಿಯ ಜಾತಿ, ಊರು, ಮೈಬಣ್ಣ ನಗೆಯ ವಸ್ತುವಾಗಕೂಡದು, ಮೊದಲೇ ಹೇಳಿಬಿಡಿ. ನೂರು ಜನರ ತರಗತಿಯಲ್ಲಿ ಇಷ್ಟೇ ಚೆನ್ನಾಗಿ ನಡೆದೀತೆಂದು ಹೇಳಲಾರೆ, ಐದೈದು ಜನರ ಗುಂಪು ಮಾಡಿ ನೋಡಿ.