ಹಳೆಯ ಟೆಲಿಫೋನ್ ಸ್ವಿಚ್‌ಬೋರ್ಡ್ ಕೊಳ್ಳಲೇ? ಮೊದಲು ಅದರ ಬೆನ್ನು ನೋಡಿ

ಪ್ರಶ್ನೆ: ಮುಚ್ಚಿಹೋದ ಹೋಟೆಲೊಂದರ ಸಾಮಾನುಗಳನ್ನು ಮಾರುತ್ತಿದ್ದಾರೆ. ಅವುಗಳಲ್ಲಿ, ಆಪರೇಟರ್ ಎದುರಿಗೆ ಕುಳಿತು ಕರೆಗಳನ್ನು ಕೈಯಿಂದಲೇ ಜೋಡಿಸುತ್ತಿದ್ದ ಹಳೆಯ ಟೆಲಿಫೋನ್ ಸ್ವಿಚ್‌ಬೋರ್ಡ್ ಒಂದಿದೆ. ಮರದ ಕವಚ, ಎದೆಮಟ್ಟದ ಎತ್ತರ, ಮೇಜಿನಷ್ಟು ಅಗಲ. ಮುಂದೆ ಸಾಲುಸಾಲು ಜಾಕ್‌ಗಳು (ಪ್ಲಗ್ ತೂರಿಸುವ ರಂಧ್ರಗಳು), ಪ್ರತಿ ಜಾಕಿನ ಪಕ್ಕದಲ್ಲಿ ಪುಟ್ಟ ದೀಪ, ಕೆಳಗೆ ಹುರಿಗಳ ತುದಿಯಲ್ಲಿ ಹಿತ್ತಾಳೆಯ ಪ್ಲಗ್‌ಗಳು. ಕೊನೆಯ ದಿನದವರೆಗೂ ಕೆಲಸ ಮಾಡುತ್ತಿತ್ತು ಎಂದು ಮಾರುವವರು ಹೇಳುತ್ತಾರೆ. ನನ್ನಲ್ಲಿ ಐದು ಡಯಲ್ ಫೋನ್‌ಗಳಿವೆ. ಅವನ್ನು ಇದಕ್ಕೆ ಸೇರಿಸಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಮಾತನಾಡುವ ಆಸೆಯಿದೆ. ಒಂದು ವಾರದೊಳಗೆ ತೀರ್ಮಾನ ತಿಳಿಸಬೇಕಂತೆ. ಕೊಳ್ಳಲೇ, ಬಿಡಲೇ?

ಉತ್ತರ: ಇಂಥ ಯಂತ್ರದ ನಿಜವಾದ ಬೆಲೆ ಇರುವುದು ಅದರ ಬೆನ್ನಿನಲ್ಲಿ. ಮುಂಭಾಗದ ಮರ, ಹಿತ್ತಾಳೆ, ದೀಪಗಳ ಸಾಲು ಎಷ್ಟೇ ಚೆನ್ನಾಗಿ ಕಂಡರೂ ಹಿಂಬದಿಯ ಹಲಗೆಯನ್ನು ತೆಗೆಸಿ ಒಳಗೆ ನೋಡುವವರೆಗೆ ಮುಂಗಡ ಕೊಡಬೇಡಿ. ತೆಗೆದು ತೋರಿಸಲು ಅವರು ಒಪ್ಪದಿದ್ದರೆ ಅದನ್ನೇ ಉತ್ತರವೆಂದು ತಿಳಿದು ಹಿಂದೆ ಸರಿಯಿರಿ. ‘ಕೆಲಸ ಮಾಡುತ್ತಿತ್ತು’ ಎಂಬ ಮಾತು ಸುಳ್ಳಾಗಿರಬೇಕಿಲ್ಲ. ಆದರೆ ಆ ಕಟ್ಟಡದಲ್ಲಿ, ಬೇರೊಂದು ಕೋಣೆಯಲ್ಲಿದ್ದ ಉಪಕರಣಗಳ ನೆರವಿನಿಂದ ಕೆಲಸ ಮಾಡುತ್ತಿತ್ತು ಎಂಬ ಉಳಿದರ್ಧವನ್ನು ಯಾರೂ ಹೇಳಿರುವುದಿಲ್ಲ.

ಚಿಕ್ಕ ಬೋರ್ಡುಗಳಲ್ಲಿ ರಿಲೇಗಳು, ಅಂದರೆ ವಿದ್ಯುತ್ ಹರಿದಾಗ ತಾವಾಗಿ ಸಂಪರ್ಕ ಬದಲಿಸುವ ಕಾಂತದ ಸ್ವಿಚ್‌ಗಳು, ಸಾಮಾನ್ಯವಾಗಿ ಕವಚದೊಳಗೇ ಇರುತ್ತವೆ. ಹೆಚ್ಚು ಕೋಣೆಗಳಿದ್ದ ಹೋಟೆಲು, ದೊಡ್ಡ ಕಚೇರಿಗಳಲ್ಲಿ ಹಾಗಲ್ಲ. ಅಲ್ಲಿ ಆಪರೇಟರ್ ಮುಂದೆ ಇರುತ್ತಿದ್ದುದು ಜಾಕ್, ದೀಪ, ಕೀ (ಬೆರಳಿನಿಂದ ಸರಿಸುವ ಸ್ವಿಚ್) ಮತ್ತು ಹುರಿಗಳಷ್ಟೇ. ಪ್ರತಿ ಲೈನಿನ ರಿಲೇಗಳು, ವಿದ್ಯುತ್ ಕೊಡುವ ರೆಕ್ಟಿಫೈಯರ್ (ಎ.ಸಿ.ಯನ್ನು ಡಿ.ಸಿ.ಗೆ ಬದಲಿಸುವ ಸಾಧನ) ಮತ್ತು ಬ್ಯಾಟರಿ, ಗಂಟೆ ಬಾರಿಸುವ ಯಂತ್ರ ಇವೆಲ್ಲ ಬೇರೆ ಕೋಣೆಯ ಕಬ್ಬಿಣದ ಚೌಕಟ್ಟಿನಲ್ಲಿರುತ್ತಿದ್ದವು. ಎರಡನ್ನೂ ಸೇರಿಸುವುದು ನೂರಾರು ತಂತಿಗಳ ದಪ್ಪ ಕೇಬಲ್. ನೀವು ನೋಡಿರುವ ಬೋರ್ಡ್ ಈ ಎರಡನೆಯ ಜಾತಿಯದಾಗಿದ್ದು ಚೌಕಟ್ಟು ಆಗಲೇ ಗುಜರಿಗೆ ಹೋಗಿದ್ದರೆ, ಐದು ಫೋನ್‌ಗಳಿಗೆ ಬೇಕಾದ ರಿಲೇಗಳನ್ನು ಹುಡುಕಿ ಹೊಸದಾಗಿ ಜೋಡಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಅಸಾಧ್ಯವಲ್ಲ, ಆದರೆ ಅದು ಬೇರೆಯೇ ಕೆಲಸ. ಅದಕ್ಕೆ ಮನಸ್ಸಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಕೇಬಲನ್ನು ಎಲ್ಲಿ ಕತ್ತರಿಸಿದ್ದಾರೆ ಎಂಬುದನ್ನು ಹತ್ತಿರದಿಂದ ನೋಡಿ. ಮೇಣ ಹಚ್ಚಿದ ದಾರದಿಂದ ಗೇಣುಗೇಣಿಗೂ ಗಂಟು ಹಾಕಿದ ತಂತಿಯ ಕಟ್ಟು ಹಾಗೆಯೇ ಇದ್ದು, ಒಂದೆರಡು ಮೊಳ ಹೊರಗೆ ಉಳಿದಿದ್ದರೆ ಒಂದೊಂದು ಜೋಡಿಯನ್ನೂ ಬಣ್ಣದಿಂದ ಗುರುತಿಸಬಹುದು. ಬೆಸುಗೆ ಹಾಕಿದ ಪಟ್ಟಿಯ ಬುಡಕ್ಕೇ ಕತ್ತರಿ ಹಾಕಿದ್ದರೆ, ಅಥವಾ ತಾಮ್ರಕ್ಕಾಗಿ ತಂತಿಗಳನ್ನು ಎಳೆದು ತೆಗೆದಿದ್ದರೆ, ಅಲ್ಲಿಗೆ ಅದು ಅಲಂಕಾರದ ಪೆಟ್ಟಿಗೆ. ರಿಲೇಗಳ ಸ್ಪ್ರಿಂಗ್ ಎಲೆಗಳ ತುದಿಯನ್ನೂ ಪರೀಕ್ಷಿಸಿ. ಹಳೆಯ ರಿಲೇಗಳ ಸಂಪರ್ಕ ಬಿಂದುಗಳಲ್ಲಿ ಬೆಳ್ಳಿ, ಪಲ್ಲಾಡಿಯಂ, ಪ್ಲಾಟಿನಂನಂಥ ಲೋಹಗಳನ್ನು ಬಳಸುತ್ತಿದ್ದರು. ಅವುಗಳಿಗಾಗಿ ಎಲೆಗಳ ತುದಿಯನ್ನೇ ಕತ್ತರಿಸಿ, ಉಳಿದದ್ದನ್ನು ಇಡಿಯೆಂಬಂತೆ ಮಾರುವವರಿದ್ದಾರೆ.

ಈಗ ನಿಮ್ಮ ಫೋನ್‌ಗಳ ವಿಷಯ. ಕೈಬೋರ್ಡುಗಳಲ್ಲಿ ಎರಡು ಪದ್ಧತಿಗಳಿವೆ. ಮ್ಯಾಗ್ನೆಟೊ ಪದ್ಧತಿಯಲ್ಲಿ ಪ್ರತಿ ಫೋನಿಗೂ ಅದರದೇ ಬ್ಯಾಟರಿ ಇರುತ್ತದೆ. ಕರೆ ಮಾಡುವವರು ಹಿಡಿಕೆ ತಿರುಗಿಸಿದರೆ ಬೋರ್ಡಿನಲ್ಲಿ ಪುಟ್ಟ ಮುಚ್ಚಳವೊಂದು ಬೀಳುತ್ತದೆ. ಅಮೆರಿಕದ ಮೇಯ್ನ್ ರಾಜ್ಯದ ಬ್ರಯಂಟ್ ಪಾಂಡ್ ಎಂಬ ಊರಿನಲ್ಲಿ ಈ ಪದ್ಧತಿ 1983ರವರೆಗೂ ಬಳಕೆಯಲ್ಲಿತ್ತು. ಇನ್ನೊಂದರಲ್ಲಿ ಎಲ್ಲ ಫೋನ್‌ಗಳಿಗೂ ಬೋರ್ಡಿನ ಕಡೆಯಿಂದಲೇ ವಿದ್ಯುತ್ ಹೋಗುತ್ತದೆ. ರಿಸೀವರ್ ಎತ್ತಿದ ಕೂಡಲೇ ಲೈನಿನಲ್ಲಿ ವಿದ್ಯುತ್ ಹರಿದು ದೀಪ ಹೊತ್ತುತ್ತದೆ. ನಿಮ್ಮ ಡಯಲ್ ಫೋನ್‌ಗಳು ಈ ಎರಡನೆಯ ಪದ್ಧತಿಗೆ ಹೊಂದುವಂಥವು. ಪ್ರತಿ ಜಾಕಿಗೂ ದೀಪವಿದೆ ಎಂದು ನೀವು ಬರೆದಿರುವುದರಿಂದ ಬೋರ್ಡ್ ಕೂಡ ಬಹುಮಟ್ಟಿಗೆ ಅದೇ ಇರಬೇಕು. ಪಕ್ಕದಲ್ಲಿ ತಿರುಗಿಸುವ ಹಿಡಿಕೆ ಕಂಡರೆ ಗೊಂದಲಗೊಳ್ಳಬೇಡಿ. ವಿದ್ಯುತ್ ಹೋದಾಗ ಗಂಟೆ ಬಾರಿಸಲೆಂದು ದೀಪದ ಬೋರ್ಡುಗಳಲ್ಲೂ ಅದನ್ನು ಇಡುತ್ತಿದ್ದರು. ಡಯಲ್‌ಗೆ ಇಲ್ಲಿ ಕೆಲಸವಿಲ್ಲ. ತಿರುಗಿಸಿದರೆ ಬೋರ್ಡಿನ ದೀಪ ಮಿಣುಕಬಹುದು, ಅಷ್ಟೇ. ಸಂಖ್ಯೆಯನ್ನು ಬಾಯಲ್ಲೇ ಹೇಳಬೇಕು, ಅದನ್ನು ಕೇಳಿ ಜೋಡಿಸಲು ಬೋರ್ಡಿನ ಮುಂದೆ ಯಾವಾಗಲೂ ಒಬ್ಬರು ಕುಳಿತಿರಬೇಕು. ಇದು ನಿಮ್ಮ ಮನೆಯವರಿಗೆ ಒಪ್ಪಿಗೆಯೇ ಎಂಬುದನ್ನೂ ಗಂಭೀರವಾಗಿ ಯೋಚಿಸಿ.

ಪರೀಕ್ಷೆ ಮಾಡಲು ಕರೆಯ ಹಾದಿ ಗೊತ್ತಿರಬೇಕು. ದೀಪ ಹೊತ್ತಿದಾಗ ಆಪರೇಟರ್ ಹುರಿಯ ಜೋಡಿಯೊಂದರ ಹಿಂದಿನ ಸಾಲಿನ ಪ್ಲಗ್ಗನ್ನು ಆ ಜಾಕಿಗೆ ಹಾಕಿ, ಕೀಯನ್ನು ಒಂದು ಕಡೆಗೆ ಸರಿಸಿ ಮಾತನಾಡುತ್ತಾರೆ. ಮುಂದಿನ ಸಾಲಿನ ಪ್ಲಗ್ಗನ್ನು ಬೇಕಾದ ಲೈನಿಗೆ ಹಾಕಿ, ಗಂಟೆಯ ಕೀ ಒತ್ತುತ್ತಾರೆ. ಪ್ಲಗ್ಗಿನಲ್ಲಿ ಮೂರು ಭಾಗಗಳಿವೆ: ತುದಿ ಮತ್ತು ನಡುವಿನ ಉಂಗುರ ಮಾತನ್ನು ಸಾಗಿಸುತ್ತವೆ; ಹೊರಗಿನ ತೋಳು ‘ಈ ಲೈನಿಗೆ ಪ್ಲಗ್ ಬಿದ್ದಿದೆ’ ಎಂದು ರಿಲೇಗೆ ತಿಳಿಸಿ ಲೈನಿನ ದೀಪವನ್ನು ಆರಿಸುತ್ತದೆ. ಮಾತು ಮುಗಿದು ರಿಸೀವರ್ ಇಟ್ಟಾಗ ಹುರಿಯ ಬಳಿಯ ಇನ್ನೆರಡು ದೀಪಗಳು ಹೊತ್ತಿ, ಪ್ಲಗ್ ತೆಗೆಯಿರಿ ಎಂದು ಹೇಳುತ್ತವೆ. ಐದು ಫೋನ್‌ಗಳ ನಡುವೆ ಒಂದೇ ಹೊತ್ತಿಗೆ ಎರಡಕ್ಕಿಂತ ಹೆಚ್ಚು ಮಾತುಕತೆ ನಡೆಯುವಂತಿಲ್ಲ. ಆದ್ದರಿಂದ ನಿಮಗೆ ನಿಜಕ್ಕೂ ಬೇಕಾದದ್ದು ಐದು ಒಳ್ಳೆಯ ಲೈನ್, ಎರಡು ಒಳ್ಳೆಯ ಹುರಿಯ ಜೋಡಿ. ಉಳಿದವು ಕೆಟ್ಟಿದ್ದರೂ ಬಿಡಿಭಾಗಗಳಿಗೆ ಆಗುತ್ತವೆ. ದೊಡ್ಡ ಬೋರ್ಡ್ ಕೊಳ್ಳುವವರಿಗೆ ಇರುವ ಒಂದೇ ಸಮಾಧಾನ ಇದು.

ಮಲ್ಟಿಮೀಟರ್ ಜೊತೆಗಿಟ್ಟುಕೊಂಡು ಹೋಗಿ. ಹುರಿಯೊಂದನ್ನು ಪೂರ್ತಿ ಎಳೆದು ಬಿಡಿ. ಕೆಳಗಿನ ರಾಟೆಗೆ ಕಟ್ಟಿದ ತೂಕ ಅದನ್ನು ತಡೆಯಿಲ್ಲದೆ ಒಳಕ್ಕೆ ಎಳೆದುಕೊಳ್ಳಬೇಕು. ಬಳಿಕ ಪ್ಲಗ್ಗಿನ ಮೂರೂ ಭಾಗಗಳಿಂದ ಹುರಿಯ ಇನ್ನೊಂದು ತುದಿಯ ತಿರುಪುಗಳವರೆಗೆ ಸಂಪರ್ಕವಿದೆಯೇ ನೋಡಿ, ಮೀಟರ್ ಹಿಡಿದಿರುವಂತೆಯೇ ಪ್ಲಗ್ಗಿನ ಬುಡದಲ್ಲಿ ಹುರಿಯನ್ನು ಮೆಲ್ಲಗೆ ಬಗ್ಗಿಸಿ. ಒಳಗಿರುವುದು ಸಾಮಾನ್ಯ ತಂತಿಯಲ್ಲ. ಹತ್ತಿಯ ಎಳೆಗೆ ಕೂದಲಿನಷ್ಟು ತೆಳುವಾದ ತಾಮ್ರದ ಪಟ್ಟಿಯನ್ನು ಸುತ್ತಿ ಮಾಡಿದ ಜರಿ. ಸಾವಿರಾರು ಸಲ ಬಾಗಿದ ಮೇಲೆ ಅದು ಮೊದಲು ತುಂಡಾಗುವುದು ಪ್ಲಗ್ಗಿನ ಬುಡದಲ್ಲೇ. ಅಲ್ಲಿ ಸಂಪರ್ಕ ಬಂದು ಹೋಗುತ್ತಿದ್ದರೆ ಮಾತಿನಲ್ಲಿ ಕರಕರ ಸದ್ದು ಬರುತ್ತದೆ. ಇದು ದೊಡ್ಡ ದೋಷವಲ್ಲ. ಸವೆದ ಭಾಗವನ್ನು ಕತ್ತರಿಸಿ ಪ್ಲಗ್ಗನ್ನು ಮತ್ತೆ ಕೂರಿಸುವುದು ಅಂದಿನ ರಿಪೇರಿಯವರ ನಿತ್ಯದ ಕೆಲಸವಾಗಿತ್ತು. ಆದರೆ ಹುರಿ ಈಗಾಗಲೇ ಮೋಟಾಗಿದ್ದು ಮೇಲಿನ ಸಾಲಿನ ಜಾಕಿಗೆ ಎಟುಕದಿದ್ದರೆ ಆ ದಾರಿಯೂ ಮುಚ್ಚಿದೆ ಎಂದರ್ಥ. ಹುರಿ ಸಿಗದಿದ್ದರೆ ಇಂದಿನ ಸಂಗೀತೋಪಕರಣಗಳ 6.35 ಮಿ.ಮೀ. ಪ್ಲಗ್ ಹಾಕಿದರಾಯಿತು ಎನ್ನುವ ಸಲಹೆ ಕೇಳಿಬರುತ್ತದೆ. ಅದು ಹುಟ್ಟಿದ್ದು ಸ್ವಿಚ್‌ಬೋರ್ಡಿನ ಪ್ಲಗ್ಗಿನಿಂದಲೇ ಆದರೂ ಎರಡರ ತುದಿಯ ಆಕಾರ ಒಂದೇ ಅಲ್ಲ; ಹೊಸದನ್ನು ಬಲವಂತವಾಗಿ ತುರುಕಿದರೆ ಹಳೆಯ ಜಾಕಿನ ಸ್ಪ್ರಿಂಗ್ ಸಡಿಲವಾಗುತ್ತದೆ.

ರಿಲೇ ಕಾಯಿಲ್‌ಗಳ ಮೇಲೆ ಅನೇಕ ಸಲ ಓಮ್ ಲೆಕ್ಕ ಬರೆದಿರುತ್ತದೆ. ನಾಲ್ಕೈದನ್ನು ಅಳೆದು ಹೋಲಿಸಿ. ಮೀಟರ್ ಏನೂ ತೋರಿಸದಿದ್ದರೆ ಸುರುಳಿಯ ತಂತಿ ಒಳಗೇ ತುಂಡಾಗಿದೆ. ತುದಿಗಳಲ್ಲಿ ಹಸಿರು ಕಿಲುಬು, ಇಲಿ ಕಡಿದ ಬಟ್ಟೆಯ ಹೊದಿಕೆ, ಮರದ ಬುಡದಲ್ಲಿ ಹುಳು ಕೊರೆದ ಪುಡಿ ಇವು ಮೂರೂ ಒಟ್ಟಿಗೆ ಕಂಡರೆ ಬೋರ್ಡ್ ಬಹುಕಾಲ ತೇವದಲ್ಲಿತ್ತೆಂದು ತಿಳಿಯಿರಿ. ಅಂಥದ್ದನ್ನು ನಾನು ಶಿಫಾರಸು ಮಾಡಲಾರೆ.

ವಿದ್ಯುತ್ತಿನ ಬಗ್ಗೆ ಎಚ್ಚರದಿಂದ ಹೇಳಬೇಕಾದ ಮಾತಿದೆ. ಬೋರ್ಡುಗಳು ಸಾಮಾನ್ಯವಾಗಿ 24 ಅಥವಾ 48 ವೋಲ್ಟ್ ಡಿ.ಸಿ.ಯಲ್ಲಿ ನಡೆಯುತ್ತವೆ, ಯಾವುದೆಂದು ಫಲಕದಲ್ಲೋ ದೀಪದ ಮೇಲೋ ಬರೆದಿರುತ್ತದೆ. ಟೆಲಿಫೋನ್ ರೂಢಿಯಂತೆ ಇಲ್ಲಿ ಭೂಮಿಗೆ ಸೇರುವುದು ಧನ ತುದಿ. ನೆಲದಡಿಯ ತಾಮ್ರದ ತಂತಿ ತೇವದಲ್ಲಿ ಸವೆಯುವುದನ್ನು ಕಡಿಮೆ ಮಾಡಲು ಈ ಕ್ರಮ ಬಂತು. ಮಾತಿನ ಹಾದಿಗೂ ಇದೇ ವಿದ್ಯುತ್ ಹೋಗುವುದರಿಂದ ಪೂರೈಕೆ ಸ್ವಚ್ಛವಾಗಿಲ್ಲದಿದ್ದರೆ ಎಲ್ಲ ಫೋನ್‌ಗಳಲ್ಲೂ ಗುಂಯ್‌ಗುಡುವ ಸದ್ದು ಕೇಳುತ್ತದೆ. ಗಂಟೆಗೆ ಬೇಕಾದದ್ದು ಬೇರೆ: ಸುಮಾರು 75ರಿಂದ 90 ವೋಲ್ಟ್ ಎ.ಸಿ., ಸೆಕೆಂಡಿಗೆ 20 ಅಥವಾ 25 ಆವರ್ತನ. ಮನೆಯ ಕರೆಂಟನ್ನು ಟ್ರಾನ್ಸ್‌ಫಾರ್ಮರ್‌ನಿಂದ ಇಳಿಸಿ ಗಂಟೆಗೆ ಕೊಡುವ ಪ್ರಯತ್ನ ಬೇಡ. ಮನೆಯ ಕರೆಂಟಿನ ಹೆಚ್ಚಿನ ಆವರ್ತನದ ವೇಗಕ್ಕೆ ಗಂಟೆಯ ಸುತ್ತಿಗೆ ಸರಿಯಾಗಿ ಓಲಾಡದು, ತಪ್ಪಿದರೆ ಜೀವಕ್ಕೂ ಅಪಾಯ. ಇದಕ್ಕೆಂದೇ ಮಾಡಿದ ಚಿಕ್ಕ ಇನ್ವರ್ಟರ್‌ಗಳಿವೆ. ಬೋರ್ಡಿನ ಜೊತೆ ಹಳೆಯ ರೆಕ್ಟಿಫೈಯರ್ ಕೊಟ್ಟರೆ ನೋಡಲು ಇಟ್ಟುಕೊಳ್ಳಿ, ಬಳಸಬೇಡಿ. ಸೆಲೆನಿಯಂ ಫಲಕಗಳಿರುವಂಥದ್ದು ಸುಟ್ಟರೆ ವಿಷದ ಹೊಗೆ ಬರುತ್ತದೆ. ಕೆಲವು ಹಳೆಯ ಕೆಪಾಸಿಟರ್‌ಗಳ ಎಣ್ಣೆಯೂ ವಿಷಕಾರಿ; ಫ್ಯೂಸ್‌ಗಳ ಹಿಂದೆ ಕಲ್ನಾರಿನ ಹಲಗೆ ಇರುವ ಸಾಧ್ಯತೆಯುಂಟು, ಅದನ್ನು ಉಜ್ಜಬಾರದು, ಕೊರೆಯಬಾರದು. ಧೂಳು ತೆಗೆಯುವಾಗ ಮಾಸ್ಕ್ ಧರಿಸಿ. ಗಾಳಿ ಊದುವ ಯಂತ್ರ ಬಳಸಿದರೆ ಕೊಳೆಯೆಲ್ಲ ರಿಲೇಗಳ ಸಂದಿಗೆ ಹೋಗಿ ಕೂರುತ್ತದೆ. ಮೆತ್ತನೆಯ ಬ್ರಷ್ಷೇ ಸಾಕು.

ನಕ್ಷೆಯಿಲ್ಲದ ಬೋರ್ಡನ್ನು ದುರಸ್ತಿ ಮಾಡುವುದು ಬಹಳ ಶ್ರಮದ ಕೆಲಸ. ಹಿಂಬಾಗಿಲಿನ ಒಳಮುಖದಲ್ಲಿ ಅಂಟಿಸಿದ ಕಾಗದವಿದೆಯೇ, ತಯಾರಕರ ಫಲಕದಲ್ಲಿ ಮಾದರಿಯ ಸಂಖ್ಯೆ ಇದೆಯೇ ನೋಡಿ ಫೋಟೋ ತೆಗೆದುಕೊಳ್ಳಿ. ಹಳೆಯ ಟೆಲಿಫೋನ್ ಉಪಕರಣಗಳ ಕೈಪಿಡಿಗಳನ್ನು ಹವ್ಯಾಸಿಗಳು ಸ್ಕ್ಯಾನ್ ಮಾಡಿ ಹಂಚಿಕೊಂಡಿದ್ದಾರೆ. ಆ ಸಂಖ್ಯೆ ಸಿಕ್ಕರೆ ನಕ್ಷೆ ಸಿಗುವ ಸಂಭವ ಹೆಚ್ಚು. ನಿಮಗಿರುವ ವಾರದಲ್ಲಿ ಮೊದಲು ಮಾಡಬೇಕಾದ ಕೆಲಸ ಇದೇ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ರಿಲೇಗಳು ಒಳಗೇ ಇದ್ದು, ತಂತಿಯ ಕಟ್ಟು ಕೆಡದೆ, ಮಾದರಿಯ ಸಂಖ್ಯೆ ಓದಲು ಬರುವಂತಿದ್ದರೆ ಧೈರ್ಯವಾಗಿ ಕೊಳ್ಳಿ. ಮನುಷ್ಯರು ಒಬ್ಬರಿಗೊಬ್ಬರು ಕೈಯಾರೆ ದಾರಿ ಮಾಡಿಕೊಟ್ಟ ಕಾಲದ ಯಂತ್ರವನ್ನು ಮತ್ತೆ ಮಾತನಾಡಿಸುವುದು ಶ್ರಮಕ್ಕೆ ತಕ್ಕ ಕೆಲಸ. ರಿಲೇಗಳು ಇಲ್ಲವಾದರೆ ಅಲಂಕಾರದ ವಸ್ತುವಿನ ಬೆಲೆಗಿಂತ ಹೆಚ್ಚು ಕೊಡಬೇಡಿ. ಮಾತನಾಡುವುದೇ ಮುಖ್ಯ, ಗಾತ್ರ ಮುಖ್ಯವಲ್ಲ ಎನ್ನುವುದಾದರೆ ಹತ್ತು ಲೈನಿನ ಚಿಕ್ಕ ಬೋರ್ಡಿಗಾಗಿ ಕಾಯುವುದು ಲೇಸು. ಆಪರೇಟರ್ ಬೇಡ, ಡಯಲ್ ಮಾಡಿದರೆ ತಾನಾಗಿ ಜೋಡಿಸುವ ಯಂತ್ರ ಬೇಕು ಎಂದು ಕೆಲವರು ಸ್ಟ್ರೋಜರ್ ಸ್ವಿಚ್‌ಗಳ ಚೌಕಟ್ಟನ್ನೇ ಕೊಳ್ಳಲು ಹೊರಡುತ್ತಾರೆ. ಅಲ್ಮನ್ ಸ್ಟ್ರೋಜರ್ 1891ರಲ್ಲಿ ಪೇಟೆಂಟ್ ಪಡೆದು, ಮರುವರ್ಷ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಬಳಕೆಗೆ ಬಂದ ಆ ಪದ್ಧತಿ ನೋಡಲು ಅದ್ಭುತ: ಸ್ವಿಚ್ ಹತ್ತು ಮೆಟ್ಟಿಲುಗಳವರೆಗೆ ಮೇಲಕ್ಕೇರಿ, ಹತ್ತು ಹೆಜ್ಜೆಗಳವರೆಗೆ ಪಕ್ಕಕ್ಕೆ ಸರಿದು ನೂರರಲ್ಲಿ ಒಂದನ್ನು ಆರಿಸುತ್ತದೆ. ಆದರೆ ಅದಕ್ಕೆ ಎಣ್ಣೆ, ಸ್ಪ್ರಿಂಗ್‌ಗಳ ಬಿಗಿ, ಸೂಕ್ಷ್ಮ ಅಂತರಗಳ ಹೊಂದಾಣಿಕೆ ನಿರಂತರವಾಗಿ ಬೇಕು. ಮೊದಲ ಬೃಹತ್ ಯಂತ್ರವಾಗಿ ಅದನ್ನು ಆರಿಸಿಕೊಳ್ಳಬೇಡಿ.

ಹೊರಗಿನ ಸಾರ್ವಜನಿಕ ಲೈನಿಗೆ ಬೋರ್ಡನ್ನು ನೇರವಾಗಿ ಸೇರಿಸುವುದೂ ಬೇಡ. ಹೊರಗಿನ ಕರೆ ಬೇಕೆನಿಸಿದರೆ ಇಂಟರ್ನೆಟ್ ಫೋನಿನ ಅಡಾಪ್ಟರ್ ಒಂದನ್ನು ನಡುವೆ ಇಡಬಹುದು. ಅದು ಕೊನೆಯ ಹಂತದ ಕೆಲಸ. ಮೊದಲು ಒಂದೇ ಒಂದು ಹುರಿಯ ಜೋಡಿಗೆ, ಫ್ಯೂಸ್ ಮತ್ತು ಕರೆಂಟಿನ ಮಿತಿಯಿರುವ ಪೂರೈಕೆಯಿಂದ ವಿದ್ಯುತ್ ಕೊಟ್ಟು ನೋಡಿ.

ಮನೆಗೆ ತರುವ ಮುನ್ನ ಬಾಗಿಲು ಮತ್ತು ಮೆಟ್ಟಿಲಿನ ತಿರುವನ್ನು ಅಳೆಯಿರಿ. ಬೋರ್ಡಿನ ಹಿಂದೆ ಒಬ್ಬರು ಕುಳಿತು ಬೆಸುಗೆ ಹಾಕುವಷ್ಟು ಜಾಗ ಶಾಶ್ವತವಾಗಿ ಬೇಕು. ಒಬ್ಬ ಆಪರೇಟರ್ ಕೂರುವ ಬೋರ್ಡೂ ನೂರು ಕಿಲೋ ದಾಟುವುದು ಅಪರೂಪವಲ್ಲ. ಸಾಗಿಸುವ ದಿನ ರಾಟೆಯ ತೂಕಗಳನ್ನು ಬಿಚ್ಚಿ ಬೇರೆ ಚೀಲಕ್ಕೆ ಹಾಕಿ, ಹುರಿಗಳನ್ನು ಸಂಖ್ಯೆಯ ಚೀಟಿ ಕಟ್ಟಿ ಸುತ್ತಿಡಿ, ದೀಪಗಳನ್ನು ಬಿಚ್ಚಿ ಬಟ್ಟೆಯಲ್ಲಿ ಕಟ್ಟಿಕೊಳ್ಳಿ. ಎತ್ತುವವರಿಗೆ ಮುಂದಿನ ಕೀಗಳ ಹಲಗೆಯನ್ನು ಹಿಡಿಯಬಾರದೆಂದು ಮೊದಲೇ ಹೇಳಿ. ಅದು ಕೀಲಿನ ಮೇಲೆ ತೆರೆದುಕೊಳ್ಳುವ ಹಲಗೆಯಾಗಿರುತ್ತದೆ, ಭಾರ ಹೊರುವುದಿಲ್ಲ. ಹಿಡಿತ ಯಾವಾಗಲೂ ಕೆಳಗಿನ ಚೌಕಟ್ಟಿನಲ್ಲೇ ಇರಲಿ.