ಮನೆ ಖಾಲಿ ಬಿದ್ದರೆ ಕಂತು ಯಾರು ಕಟ್ಟುತ್ತಾರೆ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಬಾಡಿಗೆ ಮನೆಗಳ ಬಗ್ಗೆ ಬಂದ ಲೇಖನ ಅವರಿಗೆ ಸಿಟ್ಟು ತರಿಸಿದೆ. ಪತ್ರದ ಸಾರ ಇಷ್ಟು: "ಒಂದು ಮನೆ ಇದೆ, ಅದರಲ್ಲಿ ನಾವೇ ಇದ್ದೇವೆ. ಸಾಲ ಮಾಡಿ ಇನ್ನೊಂದು ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಡಬೇಕು ಅಂತಿದ್ದೇನೆ. ಬಾಡಿಗೆಯಲ್ಲೇ ಕಂತು ಹೋಗುತ್ತದೆ, ಇಪ್ಪತ್ತು ವರ್ಷಕ್ಕೆ ಮನೆ ನಮ್ಮದಾಗುತ್ತದೆ. ನಿಮ್ಮ ಲೇಖನ ಓದಿದ ಮೇಲೆ ನನ್ನ ಹೆಂಡತಿ 'ಮನೆ ಖಾಲಿ ಬಿದ್ದರೆ ಕಂತು ಯಾರು ಕಟ್ಟುತ್ತಾರೆ' ಅಂತ ಶುರು ಮಾಡಿದ್ದಾಳೆ. ಸುಮ್ನೆ ಜನರನ್ನು ಯಾಕೆ ಹೆದರಿಸುತ್ತೀರಿ? ಮನೆಗೆ ಹಾಕಿದ ದುಡ್ಡು ಯಾವತ್ತಾದರೂ ಮುಳುಗಿದೆಯಾ?"

ಸಂಪಾದಕರ ಉತ್ತರ:

ಸ್ವಾಮಿ, ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ಲೇಖನದ ತಲೆಬರಹ ಸ್ವಲ್ಪ ಜಾಸ್ತಿಯೇ ಆಯಿತು. ಅದನ್ನು ಕೊಟ್ಟವನು ನಾನು, ಲೇಖಕರಲ್ಲ. ಮನೆ ಕೊಂಡು ಬಾಡಿಗೆಗೆ ಬಿಟ್ಟು ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಿಮ್ಮ ಮನೆಯವರು ಕೇಳಿದ ಪ್ರಶ್ನೆಗೆ ನಿಮ್ಮ ಮೂರು ಪುಟದಲ್ಲಿ ಎಲ್ಲೂ ಉತ್ತರ ಇಲ್ಲ. ಎರಡು ಸಲ ಹುಡುಕಿದೆ.

ಲೆಕ್ಕ ಮಾಡಿ ನೋಡೋಣ. ತಿಂಗಳ ಬಾಡಿಗೆ 100 ಅಂತಿಟ್ಟುಕೊಳ್ಳಿ, ಕಂತು 95. ನೀವು ಮಾಡಿದ ಲೆಕ್ಕದಲ್ಲಿ ತಿಂಗಳಿಗೆ 5 ಉಳಿಯುತ್ತದೆ. ಈಗ ವರ್ಷದ ಲೆಕ್ಕಕ್ಕೆ ಬನ್ನಿ. ಬಾಡಿಗೆ 1200. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ಮಧ್ಯೆ ಒಂದು ತಿಂಗಳು ಖಾಲಿ ಇದ್ದರೆ 1100. ಸುಣ್ಣಬಣ್ಣ, ಕ್ಲೀನಿಂಗು, ಬ್ರೋಕರ್ ಅಂತ ಇನ್ನೊಂದು ತಿಂಗಳ ಬಾಡಿಗೆ ಹೋದರೆ 1000. ಮನೆ ತೆರಿಗೆ, ವಿಮೆ, ಅಸೋಸಿಯೇಷನ್ನಿನ ಖರ್ಚು ಸೇರಿ 150 ಕಳೆಯಿರಿ. ರಿಪೇರಿಗೆ ಒಂದು 100. ಉಳಿದದ್ದು 750. ಕಂತು ಕಟ್ಟಬೇಕಾದದ್ದು 1140. ಕೈಯಿಂದ ಹಾಕಬೇಕಾದದ್ದು 390. ಎಲ್ಲ ವರ್ಷವೂ ಹೀಗೇ ಆಗುತ್ತದೆ ಅಂತಲ್ಲ. ಒಳ್ಳೆಯ ಬಾಡಿಗೆದಾರರು ಸಿಕ್ಕಿ ಐದು ವರ್ಷ ಅಲ್ಲಾಡದೆ ಕೂತರೆ ಚಿತ್ರವೇ ಬೇರೆ. ತೊಂದರೆ ಏನೆಂದರೆ, ಬಾಡಿಗೆ ತಿಂಗಳು ತಿಂಗಳು ಸಮನಾಗಿ ಬರುತ್ತದೆ, ಖರ್ಚು ಒಂದೇ ಸಲ ಗುಡ್ಡೆಯಾಗಿ ಬರುತ್ತದೆ.

ನನ್ನದೇ ಕಥೆ ಕೇಳಿ. ಒಂದು ಕಾಲದಲ್ಲಿ ನಾನೂ ಒಂದು ಫ್ಲ್ಯಾಟ್ ಬಾಡಿಗೆಗೆ ಬಿಟ್ಟಿದ್ದೆ. ಒಂದು ದಿನ ಕೆಳಗಿನ ಮನೆಯವರು ಕರೆದು ಅವರ ಮನೆಯ ಸೂರು ತೋರಿಸಿದರು. ತಟ್ಟೆಯಗಲ ಹಳದಿ ಕಲೆ, ನಡುವೆ ಒಂದು ಹನಿ ಬೀಳಲೋ ಬೇಡವೋ ಅಂತ ತೂಗುತ್ತಿತ್ತು. ಮೊದಲು ಬಂದ ಪ್ಲಂಬರ್ ನಲ್ಲಿ ಬದಲಾಯಿಸಿ ದುಡ್ಡು ಇಸಕೊಂಡು ಹೋದ. ಕಲೆ ಹಾಗೇ ಇತ್ತು. ಎರಡನೆಯವನು ಬಾತ್‌ರೂಮಿನ ನೆಲಕ್ಕೆ ಬೆರಳಿಂದ ಕುಟ್ಟಿ, "ಒಡೀಬೇಕು ಸಾರ್" ಅಂದ. ಒಡೆದರೆ, ನೀರು ಹೋಗುವ ಪೈಪಿನ ಬೆರಳುದ್ದದ ಜಾಯಿಂಟು ಬಿರುಕು ಬಿಟ್ಟಿತ್ತು. ಜಾಯಿಂಟಿಗೆ ಹೆಚ್ಚೇನೂ ಆಗಲಿಲ್ಲ. ಆದರೆ ಆ ಬಣ್ಣದ ಟೈಲ್ಸ್ ಎಲ್ಲೂ ಸಿಗಲಿಲ್ಲ, ಇಡೀ ನೆಲ ಹೊಸದು ಹಾಕಿಸಬೇಕಾಯಿತು. ಕೆಳಗಿನವರ ಸೂರಿಗೆ ಬಣ್ಣವೂ ನನ್ನದೇ. ಮೂರು ವಾರ ಸ್ನಾನಕ್ಕೆ ಪರದಾಡಿದ ಬಾಡಿಗೆದಾರರು ಬೇಸತ್ತು ಮನೆ ಬಿಟ್ಟರು. ಅವರದು ತಪ್ಪು ಅನ್ನಲಾರೆ. ಆಮೇಲೆ ಮನೆ ಎರಡು ತಿಂಗಳು ಖಾಲಿ. ಆಗ ನನ್ನ ಹೆಂಡತಿಯೂ ಇದೇ ಪ್ರಶ್ನೆ ಕೇಳಿದ್ದಳು.

ಸಾಲದ ಮಾತಿಗೆ ಬರುತ್ತೇನೆ. "ಇಪ್ಪತ್ತು ವರ್ಷಕ್ಕೆ ನಮ್ಮದಾಗುತ್ತದೆ" ಅಂತ ಬರೆದಿದ್ದೀರಿ. ಬಡ್ಡಿ ಬದಲಾಗುವ ಸಾಲವಾದರೆ ಆ ಇಪ್ಪತ್ತನ್ನು ನಂಬಬೇಡಿ. ಶೇ. 7ರ ಬಡ್ಡಿಗೆ 20 ವರ್ಷದ ಸಾಲ ತಗೊಂಡಿರಿ, ಶುರುವಿನಲ್ಲೇ ಬಡ್ಡಿ ಶೇ. 9 ಆಯಿತು ಅನ್ನಿ. ಅವಧಿ ಅಷ್ಟೇ ಇರಲಿ ಅಂದರೆ ಕಂತು ಶೇ. 16ರಷ್ಟು ಏರುತ್ತದೆ, 95 ಇದ್ದದ್ದು 110. ಕಂತು ಏರಿಸಬೇಡಿ, ವರ್ಷ ಬೇಕಾದರೆ ಜಾಸ್ತಿ ಮಾಡಿ ಅಂದರೆ ಸಾಲ ತೀರುವುದಕ್ಕೆ 38 ವರ್ಷ. ಕಂತು ಬದಲಾಗದಿದ್ದರೆ ಜನಕ್ಕೆ ಗೊತ್ತೇ ಆಗುವುದಿಲ್ಲ. ಇದು ಕಟ್ಟುಕಥೆಯಲ್ಲ. ಅಮೆರಿಕದಲ್ಲಿ 30 ವರ್ಷದ ಮನೆ ಸಾಲದ ಬಡ್ಡಿ 2021ರಲ್ಲಿ ಶೇ. 3ಕ್ಕಿಂತ ಕೆಳಗಿತ್ತು, 2023ರ ಅಕ್ಟೋಬರಿನಲ್ಲಿ ಶೇ. 8ರ ಹತ್ತಿರ ಬಂತು. ಅಲ್ಲಿ ಹೆಚ್ಚಿನವರದ್ದು ಬದಲಾಗದ ಬಡ್ಡಿ, ಹಳೆ ಸಾಲಗಾರರು ಬಚಾವಾದರು. ಹೊಸದಾಗಿ ಕೊಳ್ಳಲು ಬಂದವರ ಲೆಕ್ಕ ಮಾತ್ರ ತಲೆಕೆಳಗಾಯಿತು.

ಇನ್ನು, ದುಡ್ಡು ಮುಳುಗಿದೆಯಾ ಅಂತ ಕೇಳಿದಿರಿ. ಮುಳುಗಿದೆ. ಅದೇ ಅಮೆರಿಕದಲ್ಲಿ 2006ರಿಂದ 2012ರೊಳಗೆ ಮನೆ ಬೆಲೆ ಸರಾಸರಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯಿತು. ಜಪಾನಿನಲ್ಲಿ 1991ರ ನಂತರ ಒಂದೂವರೆ ದಶಕ ವಸತಿ ಜಾಗದ ಬೆಲೆ ಇಳಿಯುತ್ತಲೇ ಹೋಯಿತು. ಕೈಯಿಂದ ಶೇ. 20 ಹಾಕಿ ಉಳಿದದ್ದಕ್ಕೆ ಸಾಲ ಮಾಡಿದವರಿಗೆ ಬೆಲೆ ಶೇ. 20 ಇಳಿದರೆ ಸ್ವಂತ ದುಡ್ಡು ಪೂರ್ತಿ ಹೋದಂತೆ, ಸಾಲ ಮಾತ್ರ ಹಾಗೇ ಇರುತ್ತದೆ. ಬೆಲೆ ಇಳಿದರೂ ಕೂತಿರಬಲ್ಲವರು ದಾಟಿಕೊಳ್ಳುತ್ತಾರೆ. ಕಂತು ಕಟ್ಟಲಾಗದೆ ಅದೇ ಹೊತ್ತಿಗೆ ಮಾರಲೇಬೇಕಾದವರು ಮುಳುಗುತ್ತಾರೆ. ಅರ್ಜೆಂಟಿಗೆ ಒಂದು ಕೋಣೆ ಮಾತ್ರ ಮಾರುತ್ತೇನೆ ಅಂದರೆ ಆಗುತ್ತದಾ?

"ನಮ್ಮ ಏರಿಯಾದ ಬೆಲೆ ನನಗೆ ಗೊತ್ತು" ಅಂತಲೂ ಬರೆದಿದ್ದೀರಿ. ಗೊತ್ತಿರಬಹುದು. ಝಿಲ್ಲೋ ಅಂತ ಒಂದು ದೊಡ್ಡ ಕಂಪನಿ, ಮನೆಗಳ ಬೆಲೆ ಅಂದಾಜು ಮಾಡುವುದೇ ಅದರ ಹೆಸರುವಾಸಿ ಕೆಲಸ. ತನ್ನ ಲೆಕ್ಕ ನಂಬಿ ತಾನೇ ಮನೆ ಕೊಂಡು ಮಾರಲು ಹೊರಟಿತು. ಅಂದಾಜು ತಪ್ಪಿ, ಕೈ ಸುಟ್ಟುಕೊಂಡು, 2021ರ ನವೆಂಬರಿನಲ್ಲಿ ಆ ವ್ಯಾಪಾರ ಮುಚ್ಚುವುದಾಗಿ ಹೇಳಿತು. ಅಷ್ಟು ಮಾಹಿತಿ ಇಟ್ಟುಕೊಂಡವರೇ ಎಡವಿದರು.

ಕಾನೂನು ಬದಲಾಗುವ ಭಯ ಈ ವ್ಯವಹಾರದಲ್ಲಿ ಎಲ್ಲರಿಗೂ ಇದೆ. ಬರ್ಲಿನ್ ನಗರ 2020ರಲ್ಲಿ ಬಾಡಿಗೆಗೆ ಮಿತಿ ಹಾಕಿತು, ಮರುವರ್ಷ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಡುವೆ ಮಾಲೀಕರು, ಬಾಡಿಗೆದಾರರು ಇಬ್ಬರೂ ಅತಂತ್ರ. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಿಟ್ಟರೆ ಜಾಸ್ತಿ ಸಿಗುತ್ತದೆ ಅಂತ ನಿಮ್ಮ ಗೆಳೆಯರು ಹೇಳಿದ್ದಾರಲ್ಲ, ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿನಿಂದ ಅದಕ್ಕೆ ನೋಂದಣಿ ಕಡ್ಡಾಯ ಮಾಡಿ ಬಿಗಿ ಮಾಡಿದರು. ದಿನದ ಬಾಡಿಗೆ ನಂಬಿ ಕಂತಿನ ಲೆಕ್ಕ ಹಾಕಬೇಡಿ. ಮಾಮೂಲಿ ಬಾಡಿಗೆಗೆ ಲೆಕ್ಕ ಕೂಡಿದರೆ ಮಾತ್ರ ಮುಂದೆ ಹೋಗಿ.

ಬಾಡಿಗೆದಾರರನ್ನು ಹೇಗೆ ಆರಿಸಬೇಕು ಅಂತ ಕೇಳಿದ್ದೀರಿ. ಕೆಲಸ, ಸಂಬಳದ ಚೀಟಿ ಎಲ್ಲರೂ ನೋಡುತ್ತಾರೆ. ನೀವು ಅವರ ಹಿಂದಿನ ಮಾಲೀಕರಿಗೆ ಫೋನ್ ಮಾಡಿ. ಈಗಿನ ಮಾಲೀಕರಿಗಲ್ಲ, ಅದಕ್ಕೂ ಹಿಂದಿನವರಿಗೆ. ಈಗಿನವರಿಗೆ ಅವರು ಖಾಲಿ ಮಾಡಿದರೆ ಸಾಕಾಗಿರಬಹುದು, ಹೊಗಳಿಬಿಡುತ್ತಾರೆ! ಕೀ ಕೊಡುವ ದಿನ ಇಬ್ಬರೂ ನಿಂತು ಪ್ರತಿ ಗೋಡೆ, ಪ್ರತಿ ನಲ್ಲಿಯ ಫೋಟೋ ತೆಗೆದಿಟ್ಟುಕೊಳ್ಳಿ. ಡಿಪಾಸಿಟ್ ವಾಪಸ್ ಕೊಡುವಾಗಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮನೆ ನೋಡಿಕೊಳ್ಳಲು ಏಜೆನ್ಸಿಗೆ ಕೊಡಬಹುದು. ದೂರದಲ್ಲಿದ್ದರೆ ಬೇರೆ ದಾರಿಯೂ ಇಲ್ಲ. ಸಾಮಾನ್ಯವಾಗಿ ಅವರಿಗೆ ಸಿಗುವುದು ಬಾಡಿಗೆಯ ಪಾಲು, ರಿಪೇರಿ ಖರ್ಚು ನಿಮ್ಮದು. ಹಾಗಾಗಿ ಇಂತಿಷ್ಟಕ್ಕಿಂತ ಮೇಲಿನ ರಿಪೇರಿಗೆ ಕೇಳದೆ ಕೈ ಹಾಕಬಾರದು ಅಂತ ಕರಾರಿನಲ್ಲೇ ಬರೆಸಿ.

ಹಾಗಾದರೆ ತಗೋಬೇಕಾ, ಬೇಡವಾ? ನಿಮ್ಮಿಬ್ಬರ ನಡುವಿನ ಪಂಚಾಯ್ತಿಗೆ ನಾನು ಬರುವುದಿಲ್ಲ. ಬಾಡಿಗೆ ಒಂದು ಪೈಸೆ ಬರದಿದ್ದರೂ ಆರು ತಿಂಗಳ ಕಂತು ಕಟ್ಟುವಷ್ಟು ದುಡ್ಡು ಬೇರೆ ಇಟ್ಟಿದ್ದೀರಾ? ಆ ಪಾಸ್‌ಬುಕ್ ನಿಮ್ಮ ಮನೆಯವರಿಗೆ ತೋರಿಸಿ. ಇಲ್ಲದಿದ್ದರೆ ಫ್ಲ್ಯಾಟ್ ಸ್ವಲ್ಪ ಚಿಕ್ಕದು ನೋಡಿ, ಇಲ್ಲವೇ ಎರಡು ವರ್ಷ ಕಾಯಿರಿ.

ಕೊನೆಗೆ ಫ್ಲ್ಯಾಟ್ ನೋಡಲು ಹೋದಾಗ ಬಾಲ್ಕನಿಯ ಗಾಳಿಗೆ ಮರುಳಾಗಿ ನಿಲ್ಲಬೇಡಿ. ಬಾತ್‌ರೂಮಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ, ನೆಲದ ಮೇಲೆ ಹತ್ತು ನಿಮಿಷ ನೀರು ಹರಿಯಲಿ. ಆಮೇಲೆ ಕೆಳಗಿನ ಮನೆಯ ಬಾಗಿಲು ತಟ್ಟಿ, ಅವರ ಸೂರು ಒಮ್ಮೆ ನೋಡಬಹುದಾ ಅಂತ ಕೇಳಿ.